ಹಾವಿಗೆ ಹಬ್ಬದೂಟ

ನಮ್ಮ ಗರಾಜಿಗೆ ಎರಡನೆಯ ಫ್ರೀಜರು ಬಂದದ್ದು ಇಲಿಗಳಿಗಾಗಿ. ಅದಕ್ಕೂ ಮುಂಚೆ ಆ ಮೂಲೆಯಲ್ಲಿ ನಮ್ಮ ಅತ್ತೆಯ ಜೋಳದ ಹಿಟ್ಟಿನ ಚೀಲಗಳಿದ್ದವು. ಮಗಳು ಹಾವು ಸಾಕುತ್ತೇನೆ ಎಂದಾಗ ನಾನು ಮೊದಲು ಸಾಧ್ಯವೇ ಇಲ್ಲ ಎಂದೆ. ತಿಂಗಳಾದ ಮೇಲೆ ನೋಡೋಣ ಎಂದೆ. ಕೊನೆಗೆ, ಇಲಿ ಮಾತ್ರ ಅಡುಗೆಮನೆಯ ಫ್ರಿಜ್ಜಿನೊಳಗೆ ಬರಕೂಡದು ಎಂದೆ. ತಾಯಂದಿರ ಖಡಾಖಂಡಿತವೆಲ್ಲ ಹೀಗೇ ಮೆತ್ತಗಾಗುವುದು. ನನ್ನ ಗಂಡನದು ಎಂದಿನ ನೀತಿ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫಾಸ್ಟರ್ ಸಿಟಿಯ ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಬೆಂದು ಬಂದವರು ಗಾಜಿನ ಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತು, "ಚೆನ್ನಾಗಿದೆ, ಕಚ್ಚಲ್ಲ ತಾನೆ?" ಎಂದು ಕೇಳಿ ಊಟಕ್ಕೆ ಕೂತರು. ಅವರ ಪಾಲಿನ ಚರ್ಚೆ ಅಲ್ಲಿಗೆ ಮುಗಿಯಿತು.

ಅದು ಕಾರ್ನ್ ಸ್ನೇಕ್ ಎಂಬ ಜಾತಿಯ, ವಿಷವಿಲ್ಲದ ಹಾವು. ಇನ್ನೂ ಎಳೆಯದು. ನನ್ನ ಹೆಬ್ಬೆರಳಿನಷ್ಟು ದಪ್ಪ, ಮೈತುಂಬ ಕಿತ್ತಳೆ ಬಣ್ಣ, ಅದರ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆಗಳು. ಮಗಳು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟಿದ್ದಳು. ಅತ್ತೆ ಆ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೊದಲ ದಿನದಿಂದಲೇ ನಾಗಪ್ಪ ಎಂದು ಕರೆದರು. "ಅಜ್ಜಿ, ಇದು ಕೋಬ್ರಾ ಅಲ್ಲ" ಎಂದು ಮಗಳು ತಿದ್ದಿದರೆ, "ಅಲ್ಲದಿದ್ರ ಏನಾತು, ಎಲ್ಲಾರೂ ಅವನ ಮಂದಿನಽ" ಎಂದರು. ನಾವಿರುವ ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆಯ ಹಿಂದಿನ ಗುಡ್ಡಕ್ಕೆ ವಾಕಿಂಗ್ ಹೋಗುವ ದಾರಿಯಲ್ಲಿ ರ‍್ಯಾಟಲ್ ಸ್ನೇಕ್ ಇದೆ ಎಚ್ಚರ ಎಂದು ಹಾವಿನ ಚಿತ್ರ ಬರೆದ ಒಂದು ಬೋರ್ಡಿದೆ. ಅತ್ತೆ ಆ ಬೋರ್ಡಿಗೂ ಕೈ ಮುಗಿದೇ ಮುಂದೆ ಹೋಗುವವರು.

ಹಾವಿಗೆ ವಾರಕ್ಕೊಂದು ಊಟ. ಅದು ಅಗಿಯುವುದಿಲ್ಲ, ಹರಿದು ತಿನ್ನುವುದಿಲ್ಲ, ಇಡಿಯಾಗಿ ನುಂಗುತ್ತದೆ. ಹಾಗಾಗಿ ಹಾವು ಸಾಕುವವರಿಗೆ ಇಲಿಯ ಗಾತ್ರ ಆರಿಸುವುದೇ ದೊಡ್ಡ ಕೆಲಸ. ಹಾವಿನ ಮೈ ಎಲ್ಲಿ ಎಲ್ಲಕ್ಕಿಂತ ದಪ್ಪಗಿದೆಯೋ ಇಲಿ ಹೆಚ್ಚೆಂದರೆ ಅಷ್ಟು ದಪ್ಪ ಇರಬೇಕು. ನುಂಗಿದ ಮೇಲೆ ಹೊಟ್ಟೆಯ ಹತ್ತಿರ ಒಂದು ಸಣ್ಣ ಉಬ್ಬು ಕಾಣಬೇಕು, ಅಷ್ಟೇ. ಬಾಯಿ ನೋಡಿ ಅಳೆಯಲು ಹೋಗಬಾರದು. ಹಾವಿನ ಬಾಯಿ ಎಷ್ಟು ಬೇಕಾದರೂ ಹಿಗ್ಗುತ್ತದೆ, ಕಷ್ಟವೇನಿದ್ದರೂ ಆಮೇಲೆ ಹೊಟ್ಟೆಗೆ. ಮಗಳು ಹೆಪ್ಪುಗಟ್ಟಿದ ಇಲಿಯ ಪ್ಯಾಕೆಟ್ಟನ್ನು ಗಾಜಿಗೆ ಹಿಡಿದು, ಒಳಗೆ ಮಲಗಿದ ಹಾವಿನ ನಡುವಿಗೂ ಇಲಿಗೂ ಹೋಲಿಸಿ ಹೋಲಿಸಿ ನೋಡುತ್ತಿದ್ದಳು, ಬಳೆಗಾರರು ಕೈ ನೋಡಿ ಬಳೆ ಆರಿಸುವ ಹಾಗೆ. ಫ್ರೀಜರಿನಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಈಗಿನ ಅಳತೆಯ ಇಲಿಮರಿಗಳು. ಇನ್ನೊಂದರಲ್ಲಿ, ಮುಂದೆ ಹಾವು ದೊಡ್ಡದಾದ ಮೇಲೆ ಬೇಕಾಗುತ್ತದೆಂದು ಒಟ್ಟಿಗೇ ತರಿಸಿಟ್ಟ ಬೆಳೆದ ಇಲಿಗಳು.

ಹದಿನೈದು ವರ್ಷದ ಹುಡುಗಿ ಇಷ್ಟು ಶ್ರದ್ಧೆಯಿಂದ ಇದನ್ನೆಲ್ಲ ಮಾಡುವುದನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು, ಅದರ ಬೆನ್ನಿಗೇ ಸಂಕಟವಾಗುತ್ತಿತ್ತು. ಹಾವಿಗೆ ಹೀಗೆ ಉಣಿಸುವ ಮಗಳು ನಮ್ಮ ಜೊತೆ ಕೂತು ಉಣ್ಣುವುದನ್ನೇ ಬಿಟ್ಟಿದ್ದಳು.

ಹಿಂದಿನ ಚಳಿಗಾಲದಲ್ಲಿ ಅವಳಿಗೆ ಹೊಟ್ಟೆಯ ಕಾಯಿಲೆ ಬಂದು ತಿಂದದ್ದು ದಕ್ಕುತ್ತಿರಲಿಲ್ಲ. ಡಾಕ್ಟರು ಔಷಧಿ ಕೊಟ್ಟು, ಸ್ವಲ್ಪ ಸ್ವಲ್ಪವೇ ತಿನ್ನು, ಸಾಕು ಅನ್ನಿಸಿದ ಕೂಡಲೇ ನಿಲ್ಲಿಸು ಎಂದರು. ಹುಡುಗಿ ಅದನ್ನು ಅಕ್ಷರಶಃ ಪಾಲಿಸಿ ಚೇತರಿಸಿಕೊಂಡಳು. ಆದರೆ ನಮ್ಮ ಮನೆಯಲ್ಲಿ ಸಾಕು ಎಂಬ ಮಾತಿಗೆ ಬೆಲೆಯೇ ಇರಲಿಲ್ಲ. ಅತ್ತೆ ಧಾರವಾಡದ ಕಡೆಯವರು. ಅವರಲ್ಲಿ ಬೇಡ ಎಂದವರಿಗೆ ಒಂದು, ಸಾಕು ಎಂದವರಿಗೆ ಎರಡು. ನಾನು ಮೈಸೂರಿನವಳು, ನಮ್ಮಲ್ಲಿ ಉಪಚಾರವೆಲ್ಲ ಬಾಯಿಮಾತಿನಲ್ಲೇ ಹೆಚ್ಚು. ಮದುವೆಯಾದ ಹೊಸದರಲ್ಲಿ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದ ನನಗೆ ಬೆರಳ ಸಂದಿಯಿಂದಲೇ ರೊಟ್ಟಿ ಜಾರಿಸಿದ ಹೆಂಗಸು ಅವರು. ಅದು ಪ್ರೀತಿ ಎಂದು ತಿಳಿಯಲು ನನಗೇ ವರ್ಷಗಳು ಬೇಕಾದವು. ಈ ಪರದೇಶದಲ್ಲಿ ಹುಟ್ಟಿದ ಹುಡುಗಿಗೆ ಹೇಗೆ ತಿಳಿಯಬೇಕು?

"ಅಜ್ಜಿ, ಪ್ಲೀಸ್, ಐ ಆಮ್ ಫುಲ್" ಎನ್ನುವಳು. "ಕೂಸು ಕಡ್ಡಿ ಆಗೈತಿ, ಇನ್ನೊಂದೀಟು ಉಣ್ಣಲಿ" ಎಂದು ಅತ್ತೆ ನೀಡುವರು. ಒಂದು ದಿನ ಬಡಿಸಿದ್ದಷ್ಟನ್ನೂ ಕಣ್ಣೀರು ಹಾಕಿಕೊಂಡೇ ತಿಂದು ಎದ್ದು ಹೋದಳು. ಮಾರನೆಯ ದಿನದಿಂದ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗತೊಡಗಿದಳು. ಕೇಳಿದರೆ ಹೋಮ್‌ವರ್ಕ್. ನಾನು ಅವಳಿಗೂ ಬೈದೆ, ಅತ್ತೆಯ ಮೇಲೂ ಹರಿಹಾಯ್ದೆ. ನನ್ನ ಬಾಯಿ ಜೋರು, ಅದರಿಂದ ಏನೂ ಸರಿಹೋದದ್ದಿಲ್ಲ. ಹುಡುಗಿ ಮೆಟ್ಟಿಲಿಳಿದು ಬಂದು ನಮ್ಮ ಜೊತೆ ಕೂರಬೇಕು, ನನಗೆ ಬೇಕಾಗಿದ್ದದ್ದು ಇಷ್ಟೇ. ಆ ಖಾಲಿ ಕುರ್ಚಿಯನ್ನು ನೋಡುತ್ತಲೇ ಉಣ್ಣುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಅವಳು ಶಾಲೆಯ ಗೆಳತಿಯರೊಂದಿಗೆ ಬೆಟ್ಟದ ಮೇಲಿನ ಒಂದು ಕ್ಯಾಂಪಿಗೆ ಹೊರಟಳು. ಅಲ್ಲಿ ಫೋನ್ ಸಿಗುವುದಿಲ್ಲ. ಹಾವಿನ ಊಟದ ದಿನ ನಡುವೆ ಬರುತ್ತಿತ್ತು. ಕಾರು ಹತ್ತುವಾಗಲೂ, "ಅಮ್ಮಾ, ಸಣ್ಣ ಬ್ಯಾಗ್. ಓನ್ಲಿ ಸಣ್ಣ ಬ್ಯಾಗ್. ಓಕೆ?" ಎಂದಳು. ನಾನು ಓಕೆ ಎಂದೆ. ಆ ದಿನ ನಾಗರ ಪಂಚಮಿ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದೆನೋ.

ಅತ್ತೆಗೆ ಪಂಚಮಿ ಎಂದರೆ ಉಳಿದ ಹಬ್ಬಗಳೆಲ್ಲ ಒಂದು ತೂಕ, ಅದೊಂದೇ ಒಂದು ತೂಕ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಎಲ್ಲ ಮುಂಚೆಯೇ ಆಗಿತ್ತು. ಆ ದಿನ ಒಲೆಯ ಮೇಲೆ ಹಂಚಿಡುವಂತಿಲ್ಲ, ಏನನ್ನೂ ಹೆಚ್ಚುವಂತಿಲ್ಲ. ಹಿತ್ತಲಿನ ಮಣ್ಣನ್ನು ನೆನೆಸಿ ತಾವೇ ಮಾಡಿದ ಪುಟ್ಟ ನಾಗಪ್ಪನಿಗೆ ಹಾಲೆರೆದರು. ಆಮೇಲೆ ಮಹಡಿಯ ಮೇಲಿನ ಮಗಳ ಕೋಣೆಗೆ ಹೋಗಿ ಗಾಜಿನ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಬಂದರು. ನಾನು ಕೆಳಗೆ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಕೂತಿದ್ದೆ.

"ಅಲ್ಲವಾ, ಇವತ್ತ ಅವನ ಊಟದ ದಿನ ಅಲ್ಲೇನು?" ಎಂದು ಪಕ್ಕದಲ್ಲಿ ಬಂದು ನಿಂತರು.

"ಹೌದು ಅತ್ತೆ. ನಿಮ್ಮ ಹಬ್ಬ ಮುಗೀಲಿ, ನಾಳೆ ಹಾಕ್ತೀನಿ" ಎಂದೆ. ಪಂಚಮಿಯ ದಿನ ಮನೆಯಲ್ಲಿ ಇಲಿಯ ವ್ಯವಹಾರ ಅವರಿಗೆ ಸೇರದು ಎಂದು ನನ್ನ ಎಣಿಕೆ.

"ನಾಳೆ? ನಾವು ಉಂಡಿ ತಿಂದು ಕುಂದ್ರೂದು, ಮನ್ಯಾಗಿನ ನಾಗಪ್ಪನ್ನ ಹಬ್ಬದ ದಿನಾ ಉಪವಾಸ ಕೆಡವೂದು? ಎಲ್ಲಿ ನ್ಯಾಯ ಇದು? ಅದೇನು, ಸತ್ತದ್ದಽ ಐತಿ. ಕೊಂದವರು ನಾವಲ್ಲ."

ಮೀಟಿಂಗು ಮುಗಿಸಿಕೊಂಡು ಮಾಡುತ್ತೇನೆ ಎಂದು ಕೈಸನ್ನೆ ಮಾಡಿದೆ. ಮುಗಿಸಿ ಗರಾಜಿಗೆ ಹೋದರೆ, ಸಿಂಕಿನ ಪಕ್ಕ ಬಿಸಿನೀರಿನ ಬಟ್ಟಲಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನೊಳಗೆ ಇಲಿ ಕರಗಿ ಮೆತ್ತಗಾಗಿ ಸಿದ್ಧವಾಗಿದೆ. ಅತ್ತೆ ಕೈಗೆ ಹಾಕಿಕೊಂಡಿದ್ದ ಕವರನ್ನು ಕಸದ ಡಬ್ಬಿಗೆ ಎಸೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದರು. ಕೇಕಿನಲ್ಲಿ ಮೊಟ್ಟೆಯಿದೆಯೆಂದರೆ ಆ ಚಮಚವನ್ನೂ ಮುಟ್ಟದ ಹೆಂಗಸು! ನಾನು ಬೆಪ್ಪಾಗಿ ನಿಂತೆ. ಆ ಬೆರಗಿನಲ್ಲಿ ಇಲಿ ಯಾವ ಚೀಲದ್ದೆಂದು ನೋಡುವುದು ತೋಚಲೇ ಇಲ್ಲ. ದಪ್ಪಗೆ ಕಂಡಿತು, ನೀರಿನಲ್ಲಿ ಇಟ್ಟದ್ದಕ್ಕಿರಬೇಕು ಎಂದುಕೊಂಡೆ.

ಉದ್ದನೆಯ ಚಿಮಟದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಆಡಿಸಿದೆ. ಹಾವು ಚಂಗನೆ ಹಾರಿ ಕಚ್ಚಿ ಸುತ್ತಿಕೊಂಡಿತು. ಆಮೇಲೆ ನುಂಗಲು ಶುರುಮಾಡಿತು. ನುಂಗಿತು, ನಿಂತಿತು, ಮತ್ತೆ ನುಂಗಿತು. ಎಂದೂ ಅಷ್ಟು ಹೊತ್ತು ಹಿಡಿದದ್ದಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಕೈ ಮುಗಿದು ನಿಂತು, "ಉಣ್ಣಪ್ಪಾ, ಸಾವಕಾಶ ಉಣ್ಣು, ಯಾರೂ ಕಸಗೊಳ್ಳೂದಿಲ್ಲ" ಎಂದು ಹೇಳುತ್ತಲೇ ಇದ್ದರು. ಕೊನೆಗೆ ಹಾವು ಒಂದು ನಿಂಬೆಹಣ್ಣು ನುಂಗಿದಂತೆ ಉಬ್ಬಿ, ಹೊರಳಲಾಗದೆ ಬಿದ್ದುಕೊಂಡಿತು.

"ಅತ್ತೆ, ಯಾವ ಚೀಲದಿಂದ ತೆಗೆದಿರಿ?"

"ದೊಡ್ಡ ಚೀಲದಾಗಿಂದು. ಹಬ್ಬ ಅಲ್ಲೇನು? ಆ ಸಣ್ಣದು ಒಂದು ತುತ್ತಿಗೂ ಸಾಲೂದಿಲ್ಲ. ಅಳತಿ ಹಿಡಿದು ನೀಡ್ತಾರೇನು ಹಬ್ಬದಾಗ?"

ಅವರ ಮುಖದಲ್ಲಿ ಎಂಥ ತೃಪ್ತಿಯಿತ್ತೆಂದರೆ, ಬಾಯಿಗೆ ಬಂದದ್ದನ್ನು ಆಡಲು ನನ್ನಂಥವಳಿಗೂ ಆಗಲಿಲ್ಲ. ತವರಿನ ಹಬ್ಬದ ದಿನ ಅವರಿಗೆ ಉಣ್ಣಿಸಲು ಸಿಕ್ಕಿದ್ದದ್ದು ಅದೊಂದೇ ಜೀವ. ಮೊಮ್ಮಗಳಂತೂ ಊರಲ್ಲಿರಲಿಲ್ಲ, ಇದ್ದರೂ ಅವಳು ತಟ್ಟೆ ಹಿಡಿದುಕೊಂಡು ಮೇಲೆ ಹೋಗುತ್ತಿದ್ದಳು.

ಎರಡು ದಿನ ಕಳೆದು ಮೇಲಿನ ಕೋಣೆಯಿಂದ ನಾತ ಬಂತು. ಹಾವು ಇಡೀ ಇಲಿಯನ್ನು ಹೊರಗೆ ಹಾಕಿತ್ತು. ಅರ್ಧ ಜೀರ್ಣವಾದ ಆ ಮುದ್ದೆಯನ್ನು ನಾನು ವರ್ಣಿಸುವುದಿಲ್ಲ. ಹಾವು ಮಾತ್ರ ನೀರಿನ ಬಟ್ಟಲ ಪಕ್ಕದಲ್ಲಿ ಚಪ್ಪಟೆಯಾಗಿ, ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಹಾವು ಹಲ್ಲಿಗಳನ್ನು ನೋಡುವ ಪಶುವೈದ್ಯೆಯೊಬ್ಬರಿಗೆ ಫೋನ್ ಮಾಡಿದೆ. ಆಕೆ ಸಮಾಧಾನದಿಂದಲೇ ಹೇಳಿದರು: ಈಗ ಮುಟ್ಟಬೇಡಿ, ಬೆಚ್ಚಗಿಡಿ, ನೀರಿರಲಿ. ಎರಡು ವಾರ ಏನೂ ಕೊಡಬೇಡಿ, ಹಸಿದು ಹುಡುಕಾಡಿದರೂ ಕೊಡಬೇಡಿ. ಆಮೇಲೆ ಎಂದಿಗಿಂತ ಸಣ್ಣದನ್ನು ಕೊಡಿ. ಅದನ್ನೂ ಕಕ್ಕಿದರೆ ಕಷ್ಟ, ಉಳಿಯದೆಯೂ ಹೋಗಬಹುದು.

ಅತ್ತೆ ಕೋಣೆಯ ಬಾಗಿಲಲ್ಲೇ ಕೂತರು. "ಪಂಚಮಿ ದಿನಾ ನಾಗಪ್ಪನ ಹೊಟ್ಟಿ ಕೆಡಿಸಿದ್ನಲ್ಲಾ. ಇದರ ಪಾಪ ಕೂಸಿಗೆ ತಟ್ಟಿದ್ರ ಏನ ಮಾಡ್ಲಿ?" ಎಂದು ಅತ್ತರು. ಲಿವರ್‌ಮೋರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗು ಎಂದರು. ಹೋದೆವು. ಹೊರಗೆ ಸುಡುಬಿಸಿಲು. ಅವರು ಕಣ್ಣು ಮುಚ್ಚಿ ನಿಂತದ್ದು ಎಷ್ಟು ಹೊತ್ತೆಂದರೆ, ಹಿಂದೆ ಸಾಲಿನಲ್ಲಿದ್ದವರು ಸುತ್ತಿಕೊಂಡು ಮುಂದೆ ಹೋದರು. ನನಗೆ ಸಿಟ್ಟೆಲ್ಲ ಇಳಿದುಹೋಗಿತ್ತು. ಮಗಳಿಗೆ ಹೇಗೆ ಹೇಳುವುದೆಂಬುದೊಂದೇ ಚಿಂತೆ. ಅಜ್ಜಿಯ ಮೇಲೆ ಮೊದಲೇ ಮುನಿದಿದ್ದವಳು, ಇದನ್ನು ಕೇಳಿದರೆ ಇನ್ನು ತನ್ನ ಕೋಣೆಯ ಬಾಗಿಲು ತೆರೆಯುವುದೇ ಇಲ್ಲ ಎಂದು ಹೆದರಿದ್ದೆ.

ನಯವಾಗಿ ಹೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ. ಹುಡುಗಿ ಇನ್ನೂ ಬೆನ್ನಿನ ಚೀಲ ಇಳಿಸಿರಲಿಲ್ಲ, ಅತ್ತೆ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದು, "ಕೂಸಾ, ನಾ ತಪ್ಪ ಮಾಡೇನಿ. ದೊಡ್ಡದು ಕೊಟ್ಟೆ. ಅದಕ್ಕ ದಕ್ಕಲಿಲ್ಲ" ಎಂದರು. ಅವಳು ಕೈ ಬಿಡಿಸಿಕೊಂಡು ಮೇಲಕ್ಕೆ ಓಡಿದಳು. ನಾವಿಬ್ಬರೂ ಕೆಳಗೆ ಕಾದೆವು. ಬಹಳ ಹೊತ್ತಿನ ಮೇಲೆ ಇಳಿದು ಬಂದು, ಕೊನೆಯ ಮೆಟ್ಟಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು, ಕೂಗಾಡಲಿಲ್ಲ.

"ಅಜ್ಜಿ, ಅದಕ್ಕೆ ನೋ ಅನ್ನಕ್ಕೆ ಬರಲ್ಲ. ಕೊಟ್ರೆ ತಿಂದ್ಬಿಡತ್ತೆ. ಆಮೇಲೆ ಇಟ್ ಹರ್ಟ್ಸ್." ಅತ್ತೆಯನ್ನೇ ನೋಡುತ್ತ, "ಐ ಕ್ಯಾನ್ ಸೇ ನೋ. ಐ ಸೇ ಇಟ್ ಎವ್ರಿ ಡೇ. ಯು ಜಸ್ಟ್ ಡೋಂಟ್ ಲಿಸನ್" ಎಂದಳು.

ಅತ್ತೆ ನನ್ನ ಮುಖ ನೋಡಿದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಗಿತ್ತು. ಸ್ವಲ್ಪ ಮೆತ್ತಗೆ ಮಾಡಿ ಹೇಳೋಣವೆನ್ನಿಸಿತು. ಮಾಡಲಿಲ್ಲ. "ನನಗೆ ಬೇಡ ಅನ್ನೋಕೆ ಬರುತ್ತೆ, ದಿನಾ ಅಂತೀನಿ, ಅಜ್ಜಿ ಕೇಳಿಸ್ಕೊಳ್ಳಲ್ಲ ಅಂತಿದ್ದಾಳೆ" ಎಂದೆ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಆ ಎರಡು ವಾರ ಅತ್ತೆ ದಿನಾ ಮಧ್ಯಾಹ್ನ ಮೇಲೆ ಹೋಗಿ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಗಳು ಬೇಡ ಎನ್ನಲಿಲ್ಲ, ತನ್ನ ಪಾಡಿಗೆ ಓದಿಕೊಳ್ಳುತ್ತಿದ್ದಳು. ಎರಡನೆಯ ವಾರದಲ್ಲಿ ಹಾವು ಚುರುಕಾಗಿ ಗಾಜಿನ ಉದ್ದಕ್ಕೂ ನಾಲಗೆ ಚಾಚಿಕೊಂಡು ಓಡಾಡತೊಡಗಿತು. "ಹಸದೈತಿ ಅದು" ಎಂದು ಅತ್ತೆ ಹೇಳಿದ್ದು, "ನಾಟ್ ಯೆಟ್ ಅಜ್ಜಿ, ಹೊಟ್ಟೆ ಸರಿ ಆಗಬೇಕು" ಎಂದು ಮಗಳು ಹೇಳಿದ್ದು ನನಗೆ ಕೆಳಗೆ ಕೇಳಿಸುತ್ತಿತ್ತು. ಹಸಿದ ಜೀವದ ಮುಂದೆ ಬರಿಗೈಯಲ್ಲಿ ಕೂರುವುದು ಅತ್ತೆಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಕೂತರು.

ಒಂದು ಸಂಜೆ, ಯಾರೂ ಕರೆಯದೆ, ಹುಡುಗಿ ಕೆಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು, ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅತ್ತೆ ರೊಟ್ಟಿಯ ಬುಟ್ಟಿ ಹಿಡಿದು ಅವಳ ಪಕ್ಕ ನಿಂತರು. "ಎಷ್ಟ ನೀಡ್ಲಿ?" ಎಂದರು. ನನ್ನ ಮದುವೆಯಾದಾಗಿನಿಂದ ಅವರು ಯಾರನ್ನೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. "ಒಂದು" ಎಂದಳು. ಒಂದನ್ನು ಹಾಕಿ, ಬದನೆಕಾಯಿ ಪಲ್ಯವನ್ನು ಅವಳ ಕೈಗೆಟಕುವಂತೆ ಇಟ್ಟು, ಒಲೆಯ ಕಡೆ ತಿರುಗಿಬಿಟ್ಟರು. ಅವಳು ಅಷ್ಟನ್ನು ತಿಂದು, ತಟ್ಟೆ ತೊಳೆದಿಟ್ಟು ಮೇಲೆ ಹೋದಳು.

ಅವಳ ಬಾಗಿಲು ಮುಚ್ಚಿದ ಮೇಲೆ ಅತ್ತೆ ಕಟ್ಟೆಗೆ ಒರಗಿ ನಿಂತು ಅತ್ತರು. "ಆಕಿ ಇಂಗ್ಲಿಷ್ ನನಗ ಬರೂದಿಲ್ಲ. ನನ್ನ ಮಾತು ಆಕಿಗೆ ಅರ್ಧಾನೂ ತಿಳಿಯೂದಿಲ್ಲ. ನೀಡೂದೂ ಬ್ಯಾಡ ಅಂದ್ರ, ನಾ ಆಕಿಗೆ ಏನ ಕೊಡ್ಲಿ ಹೇಳು?"

ನಾನು ಅವರ ಹಿಟ್ಟಿನ ಕೈಯನ್ನು ಹಿಡಿದುಕೊಂಡು ನಿಂತೆ. ಇಷ್ಟು ವರ್ಷ ಆ ಕೈಯನ್ನು ತಟ್ಟೆಯಿಂದ ಆಚೆ ತಳ್ಳಿದ್ದೇ ಹೆಚ್ಚು.

ಹಾವಿಗೆ ಮತ್ತೆ ಊಟ ಕೊಡುವ ದಿನ ಬಂತು. ಅತ್ತೆ ಬೆಳಗಿನಿಂದ ಏನೂ ತಿಂದಿರಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಮಗಳೇ ಕೆಳಗೆ ಬಂದು ಕರೆದಳು. "ಅಜ್ಜಿ, ಬಾ. ಸೈಜ್ ನೀನು ಆರಿಸು."

"ಬ್ಯಾಡ ಕೂಸಾ, ನನ್ನ ಕೈ ಬ್ಯಾಡ."

"ಬಾ ಅಜ್ಜಿ. ತೋರಿಸ್ತೀನಿ."

ಕೈ ಹಿಡಿದು ಕರೆದುಕೊಂಡು ಹೋದಳು. ಪೆಟ್ಟಿಗೆಯ ಮುಚ್ಚಳ ಸರಿಸಿ, ಅಜ್ಜಿಯ ಹೆಬ್ಬೆರಳು ತೋರುಬೆರಳನ್ನು ತಾನೇ ಬಳೆಯಂತೆ ದುಂಡಗೆ ಮಾಡಿ, ಹಾವಿನ ನಡುವಿನ ಸುತ್ತ ಹಗುರವಾಗಿ ಹಿಡಿಸಿದಳು. ದೇವರೆಂದು ಕೈ ಮುಗಿಯುತ್ತಿದ್ದುದನ್ನು ಅತ್ತೆ ಮುಟ್ಟಿದ್ದು ಅದೇ ಮೊದಲು. ಉಸಿರು ಬಿಗಿಹಿಡಿದಿದ್ದರು. "ಇಷ್ಟೇ ಅದರ ಜಾಗ. ಈಗ ಇದಕ್ಕಿಂತಾನೂ ಚಿಕ್ಕದು ಬೇಕು" ಎಂದಳು ಮಗಳು, ಎಲ್ಲವನ್ನೂ ಕನ್ನಡದಲ್ಲಿ. ಅತ್ತೆ ಬೆರಳುಗಳನ್ನು ಹಾಗೆಯೇ ದುಂಡಗೆ ಹಿಡಿದುಕೊಂಡು, ಎಲ್ಲಿ ಅಳತೆ ಸಡಿಲವಾದೀತೋ ಎಂದು ಆ ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದರು. ಗರಾಜಿನಲ್ಲಿ ಸಣ್ಣ ಚೀಲವನ್ನು ಮಗಳು ಬಿಚ್ಚಿ ಹಿಡಿದಳು. ಅತ್ತೆ ಒಂದೊಂದನ್ನೂ ಕವರಿನ ಮೇಲಿಂದಲೇ ಬೆರಳ ಸುತ್ತಿಗೆ ಹಿಡಿದು ನೋಡಿದರು. ಒಂದನ್ನು ಬಿಟ್ಟರು, ಇನ್ನೊಂದನ್ನು ಬಿಟ್ಟರು. ಎಲ್ಲಕ್ಕಿಂತ ಸಣ್ಣದನ್ನು ಆರಿಸಿ, "ಇಷ್ಟು ಸಾಕು" ಎಂದರು.

ಹಾವು ಅದನ್ನು ನಿಮಿಷಗಳಲ್ಲಿ ನುಂಗಿತು. ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣ ಉಬ್ಬು. ಮುಂದಿನ ಕೆಲವು ದಿನ ಮನೆಯಲ್ಲಿ ಎಲ್ಲರೂ ಮೂಗು ಅರಳಿಸಿಕೊಂಡೇ ಓಡಾಡಿದೆವು, ನನ್ನ ಗಂಡನೂ ಸೇರಿ. ನಾತ ಬರಲಿಲ್ಲ. ಉಬ್ಬು ದಿನದಿಂದ ದಿನಕ್ಕೆ ಕರಗಿ ಮೈಯೊಳಗೆ ಸೇರಿಹೋಯಿತು. "ಅಜ್ಜೀ, ದಕ್ಕಿತು!" ಎಂದು ಮಗಳು ಮೇಲಿನಿಂದ ಕೂಗಿದಳು. ಆ ಪದ ಅವಳಿಗೆ ಅಜ್ಜಿಯಿಂದಲೇ ಬಂದದ್ದು.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿದರು, ಮಗಳು ಒಂದು ಎಂದಳು, ಅತ್ತೆ ಒಂದೇ ನೀಡಿದರು. ನಾವು ಅದೂ ಇದೂ ಮಾತಾಡುತ್ತ ಉಂಡೆವು. ಮಗಳು ತಟ್ಟೆ ಖಾಲಿ ಮಾಡಿ, ಏಳದೆ, ಅಜ್ಜಿಯ ಕಡೆ ಚಾಚಿ, "ಅಜ್ಜಿ, ಇನ್ನರ್ಧ ಕೊಡ್ತೀಯಾ?" ಎಂದಳು.

ಅತ್ತೆ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಸರಿಯಾಗಿ ನಡುವೆ ಮುರಿದರು. ಅರ್ಧವನ್ನು ಅವಳ ತಟ್ಟೆಗೆ ಹಾಕಿದರು. ಉಳಿದರ್ಧ ಕೈಯಲ್ಲಿತ್ತು. ಆ ಕೈ ಮೊಮ್ಮಗಳ ತಟ್ಟೆಯ ಮೇಲೆ ಒಂದು ಗಳಿಗೆ ಹಾಗೇ ನಿಂತಿತು, ನಾನು ಉಣ್ಣುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಆಮೇಲೆ ಅದನ್ನು ತಮ್ಮ ತಟ್ಟೆಗೆ ತಂದುಕೊಂಡು, ಹುಡುಗಿ ತಿನ್ನುವುದನ್ನು ನೋಡುತ್ತ, ತುಂಡು ತುಂಡಾಗಿ ಮುರಿದು ತಾವೇ ತಿಂದರು.